ಹಾವೇರಿ ಸೀಮೆಯ ವಂಶಾವಳಿಗಳು

ಹಾವೇರಿ ತಾಲೂಕಿನ ಗುತ್ತಲವನ್ನು ಇಂದು ನೋಡಿದವರಿಗೆ, ಅದು ಒಂದು ಕಾಲಕ್ಕೆ ಅರಸರ ರಾಜಧಾನಿಯಾಗಿತ್ತೆಂದರೆ ಸಹಸಾ ನಂಬಿಕೆ ಹುಟ್ಟಲಾರದು. ಆದರೂ ಅದು ನಿಜವು. ಕ್ರಿಸ್ತಶಕದ ಹನ್ನೆರಡು ಹದಿಮೂರನೆಯ ಶತಮಾನಗಳಲ್ಲಿ ಗುತ್ತರೆಂಬ ಮಾಂಡಲಿಕ ಮನೆತನದವರು ಇಲ್ಲಿಂದ ತುಂಗಭದ್ರೆಯ ತೀರದ ಚಿಕ್ಕ ಪ್ರದೇಶವೊಂದನ್ನು ಆಳಿದರು. ಮೊದಲು ಕಲ್ಯಾಣದ ಚಾಲುಕ್ಯರಿಗೂ ತರುವಾಯ ಕಳಚುರಿ ಸೇವುಣರಿಗೂ ನಡೆದುಕೊಂಡರು. ಶಾಸನಗಳಲ್ಲಿ ಊರಿನ ಹೆಸರು ಗುತ್ತವೊಳಲು. ಗುತ್ತರ ಪೊಳಲು, ಅರ್ಥಾತ್ ಗುತ್ತರ ಪಟ್ಟಣ, ಎಂದು ಅದನ್ನು ಬಿಡಿಸತಕ್ಕದ್ದು. ಪಟ್ಟದಕಲ್ಲಿನ ಪ್ರಾಚೀನ ನಾಮವಾದ ಕಿಸುವೊಳಲಿನಲ್ಲಿ ಇರುವದೂ ಇದೇ ಪೊಳಲು.

ಈ ಗುತ್ತರು ತಮ್ಮ ವಂಶವನ್ನು ಎಲ್ಲಿಂದ ತಂದುಕೊಂಡರೆಂಬದೇ ನಮ್ಮ ಪ್ರಸ್ತುತ ವಿಷಯಕ್ಕೆ ಪ್ರವೇಶವಾಗಿದೆ. ರಾಣೇಬೆನ್ನೂರು ತಾಲೂಕಿನ ಚೌಡಯ್ಯದಾನಪುರದ ಮುಕ್ತೇಶ್ವರ ದೇವಾಲಯವೇ ಮೊದಲಾದ ಸ್ಥಳಗಳಲ್ಲಿರುವ ಶಾಸನಗಳು ಅವರನ್ನು ಉಜ್ಜಯಿನೀ ಪುರವರಾಧೀಶ್ವರರೆಂದು ಬಿರುದಿಟ್ಟು ಕರೆಯುತ್ತವೆ. ಚಂದ್ರಗುಪ್ತನ ಅನ್ವಯದವರೆಂದೂ ವಿಕ್ರಮಾದಿತ್ಯನ ಕುಲದವರೆಂದೂ ಕೊಂಡಾಡುತ್ತವೆ. ೧೮೮೨ರಲ್ಲಿ ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳ ಅರಸುಮನೆತನಗಳ ಚರಿತ್ರೆಯನ್ನು ಬರೆದ ಫ್ಲೀಟ್ ಸಾಹೇಬರು ಈ ವಂಶಾವಳಿಯನ್ನು ಸಂಗ್ರಹಿಸಿ ಜೋಡಿಸಿದರು. ಗುಪ್ತ ಶಬ್ದವು ಪ್ರಾಕೃತದಲ್ಲಿ ಗುತ್ತವಾಗುವದು ವ್ಯಾಕರಣಕ್ಕೆ ಸಮ್ಮತವಾದದ್ದೇ. ಸುಪ್ತವು ಸುತ್ತವಾದಂತೆ, ಸಪ್ತವು ಸತ್ತವಾದಂತೆ. ಆದರೆ ವ್ಯಾಕರಣವು ಒಪ್ಪಿದ್ದನ್ನೆಲ್ಲ ಇತಿಹಾಸವು ಒಪ್ಪಬೇಕೆಂಬ ನಿಯಮವಿಲ್ಲ. ಶಕರನ್ನು ಗೆದ್ದು ವಿಕ್ರಮಾದಿತ್ಯನೆನಿಸಿದ ಎರಡನೆಯ ಚಂದ್ರಗುಪ್ತನು ಸುಮಾರು ೩೭೫ರಿಂದ ೪೧೫ರ ವರೆಗೆ ಆಳಿದವನು. ಮಗಧದ ಗುಪ್ತಸಾಮ್ರಾಜ್ಯವು ಆರನೆಯ ಶತಮಾನದ ನಡುವಿಗೆ ಅಳಿಯಿತು. ಆ ಅಳಿವಿಗೂ ನಮ್ಮ ಗುತ್ತರ ಉದಯಕ್ಕೂ ನಡುವೆ ಐದಾರು ಶತಮಾನಗಳಾದವು. ತಲೆಮಾರಿಗೆ ಇಪ್ಪತ್ತೈದು ವರುಷಗಳಂತೆ ಹಿಡಿದರೂ ಇಪ್ಪತ್ತಕ್ಕೆ ಮಿಕ್ಕಿ ಪುರುಷರ ಹೆಸರುಗಳು ಬೇಕು. ಅವಾವುವೂ ಶಾಸನಗಳಲ್ಲಿಲ್ಲ. ಉಜ್ಜಯಿನಿಯಿಂದ ಒಂದೇ ನೆಗೆತಕ್ಕೆ ತುಂಗಭದ್ರೆಗೆ ಬಂದು ನಿಲ್ಲುತ್ತೇವೆ.

ಇದೇ ಮುಕ್ತೇಶ್ವರ ದೇವಾಲಯದ ಶಾಸನಗಳು ಶಿವದೇವರೆಂಬ ಯತಿಗಳು ೧೨೨೫ರಲ್ಲಿ ಆ ಕ್ಷೇತ್ರವನ್ನು ಪ್ರವೇಶಿಸಿದ್ದನ್ನು ತಿಥಿಸಹಿತವಾಗಿ ಹೇಳುತ್ತವೆ. ಕಣ್ಣೆದುರಿಗೆ ನಡೆದದ್ದನ್ನು ಬರೆಯುವಾಗ ಶಾಸನಕವಿಯು ಎಷ್ಟು ಎಚ್ಚರದವನು! ಯಜಮಾನನ ಪೂರ್ವಜರನ್ನು ಹೇಳುವಾಗ ಮಾತ್ರ ಅವನ ಲೇಖನಿಗೆ ರೆಕ್ಕೆಗಳು ಮೂಡುತ್ತವೆ.

ಗುತ್ತರೊಬ್ಬರೇ ಹೀಗೆ ಮಾಡಿದರೆಂದು ವಾಚಕರು ಭಾವಿಸಬಾರದು. ನಮ್ಮ ನೆರೆಯ ಶಿಕಾರಿಪುರ ತಾಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದ ಮುಂದೆ ಒಂದು ಕಲ್ಲುಕಂಬವಿದೆ. ಅದರ ಮೇಲೆ ಕುಬ್ಜನೆಂಬ ಕವಿಯು ರಚಿಸಿದ ಸಂಸ್ಕೃತ ಪ್ರಶಸ್ತಿಯು ಐದನೆಯ ಶತಮಾನದ್ದು. ಕದಂಬ ಶಾಂತಿವರ್ಮನ ಕಾಲಕ್ಕೆ ಸೇರಿದ್ದು. ಪಾಠಶಾಲೆಯಲ್ಲಿ ಕಾವ್ಯಗಳನ್ನೋದಿದವರೆಲ್ಲರೂ ಒಮ್ಮೆ ಹೋಗಿ ನೋಡತಕ್ಕ ಲೇಖವದು. ಅದರ ಮೇರೆಗೆ ಕದಂಬರು ಮಾನವ್ಯಗೋತ್ರದ, ಹಾರಿತೀಪುತ್ರರೆನಿಸಿದ ಬ್ರಾಹ್ಮಣರು. ಮನೆಯ ಬಳಿಯ ಕದಂಬವೃಕ್ಷವನ್ನು ಆದರದಿಂದ ಬೆಳೆಸಿದ್ದರಿಂದ ಅವರಿಗೆ ಆ ಹೆಸರು ಬಂದಿತು. ಮಯೂರಶರ್ಮನು ಗುರುವಾದ ವೀರಶರ್ಮನೊಡನೆ ವೇದಾಧ್ಯಯನಕ್ಕಾಗಿ ಕಾಂಚಿಯ ಘಟಿಕಾಸ್ಥಾನಕ್ಕೆ ಹೋದನು, ಅಲ್ಲಿ ಪಲ್ಲವರ ಕುದುರೆಯ ಸವಾರನೊಡನೆ ಜಗಳವಾಗಲು ದರ್ಭೆಯನ್ನು ಹಿಡಿದ ಕೈಯಲ್ಲಿ ಕತ್ತಿಯನ್ನು ಹಿಡಿದನು. ಮೂಲಪುರುಷನು ಓದಲು ಹೋದ ಹುಡುಗನು. ಮನೆಯ ಹೆಸರು ಹಿತ್ತಿಲ ಗಿಡದಿಂದ ಬಂದದ್ದು. ಆರೇಳು ನೂರು ವರುಷಗಳಾದ ಮೇಲೆ, ಹಾನಗಲ್ಲಿನ ಮತ್ತು ಗೋವೆಯ ಕದಂಬರ ಶಾಸನಗಳನ್ನು ನೋಡಿದರೆ, ಅದೇ ವಂಶಕ್ಕೆ ಕದಂಬವೃಕ್ಷದ ಬುಡದಲ್ಲಿ ಹುಟ್ಟಿದ ಮೂರು ಕಣ್ಣಿನ, ನಾಲ್ಕು ತೋಳಿನ ಮಹಾಪುರುಷನು ಮೂಲನಾಗಿದ್ದಾನೆ!

ಇದರಿಂದ ನನಗೆ ತೋಚುವದೇನೆಂದರೆ, ವಂಶಾವಳಿಯು ಘಟನೆಗೆ ಸಮೀಪವಾದಷ್ಟೂ ವಿನಯದಿಂದಿರುವದು, ದೂರವಾದಷ್ಟೂ ಕೊಬ್ಬುವದು. ಆದಕಾರಣ ನಮ್ಮ ಮನೆತನದ ಮೂಲಪುರುಷನು ಇಂಥ ಚಕ್ರವರ್ತಿಯ ಸೇನಾಧಿಪತಿಯಾಗಿದ್ದನೆಂದು ಯಾರಾದರೂ ಹೇಳಿದರೆ, ಆ ಮಾತು ಮೊದಲು ಯಾವ ಕಾಲದ ಕಾಗದದಲ್ಲಿ ಕಾಣಬರುತ್ತದೆಂಬದನ್ನು ಕೇಳಬೇಕು. ಅದನ್ನು ಏತಕ್ಕಾಗಿ ಬರೆದರೆಂಬದನ್ನು ಅದಕ್ಕಿಂತಲೂ ಮೊದಲು ಕೇಳಬೇಕು. ಗುತ್ತರಸರಿಗೆ ನೆರೆಯ ಮಾಂಡಲಿಕರ ನಡುವೆ ತಲೆಯೆತ್ತಿ ಕೂಡ್ರಲು ಉಜ್ಜಯಿನಿಯು ಬೇಕಾಗಿತ್ತು. ನಮ್ಮ ಹಳ್ಳಿಗಳ ಗೌಡ ಕುಲಕರ್ಣಿ ದೇಸಾಯರಿಗೆ ಬೇಕಾದದ್ದು ಬೇರೆ.

ಅವರಿಗೆ ಬೇಕಾದದ್ದು ಭೂಮಿಯು. ೧೮೧೮ರಲ್ಲಿ ಪೇಶವಾಯಿಯು ಮುಳುಗಿ ಈ ಸೀಮೆಯು ಇಂಗ್ಲಿಷರ ಕೈಸೇರಿದ ಬಳಿಕ, ಇನಾಮು ಉಂಬಳಿಗಳನ್ನು ಅನುಭವಿಸುತ್ತಿದ್ದ ಮನೆತನಗಳು ತಮ್ಮ ಹಕ್ಕನ್ನು ಸಿದ್ಧಪಡಿಸಬೇಕಾಯಿತು. ೧೮೫೨ರ ಕಾಯಿದೆಯಿಂದ ಇನಾಮ್ ಕಮಿಶನ್ನಿಗೆ ಪೂರ್ಣಾಧಿಕಾರವು ದೊರೆತ ಮೇಲಂತೂ ಮನೆಮನೆಯ ಅಟ್ಟದಿಂದ ಸನದುಗಳು ಕೆಳಗಿಳಿದವು. ಸನದನ್ನು ಪಡೆದವನು ಯಾರು, ಅವನ ಔರಸ ಸಂತತಿ ಯಾವುದು, ನಡುವೆ ದತ್ತಕವಾಯಿತೇ, ಆಗಿದ್ದರೆ ಸರಕಾರದ ಒಪ್ಪಿಗೆಯಿತ್ತೇ, ಇವೇ ಪ್ರಶ್ನೆಗಳು. ದತ್ತಕವೆಂಬ ಒಂದು ಶಬ್ದವು ಆ ಕಾಲದಲ್ಲಿ ಎಷ್ಟು ಭಾರದ್ದಾಗಿತ್ತೆಂಬದನ್ನು ತಿಳಿಯಲು ನರಗುಂದದ ಬಾಬಾಸಾಹೇಬರನ್ನು ನೆನೆದರೆ ಸಾಕು. ಮಕ್ಕಳಿಲ್ಲದ ಅವರಿಗೆ ದತ್ತಕದ ಅನುಮತಿಯು ಸಿಕ್ಕದ್ದು ೧೮೫೮ರ ಬಂಡಾಯಕ್ಕೆ ಒಂದು ಮುಖ್ಯ ಕಾರಣವಾಯಿತು. ಹಳ್ಳಿಯ ವತನದಾರನು ಕುದುರೆಯೇರಿ ಬಂಡೇಳಲಿಲ್ಲ. ಅವನು ವಂಶಾವಳಿಯನ್ನು ಬರೆಯಿಸಿದನು. ೧೮೭೪ರ ವತನ ಕಾಯಿದೆಯು ಇದನ್ನು ಇನ್ನಷ್ಟು ಬಿಗಿಗೊಳಿಸಿತು. ಹಿರಿಯ ತಕ್ಷಿಮೆ ಯಾವುದು, ಕಿರಿಯ ತಕ್ಷಿಮೆ ಯಾವುದು, ಗೌಡಕಿಯ ಕೆಲಸ ಮಾಡುವ ಸರತಿ ಯಾರದೆಂಬದು ಆ ಕೊಂಬೆಗಳ ಮೇಲೆಯೇ ನಿರ್ಣಯವಾಗುತ್ತಿತ್ತು.

ಹೀಗೆ ಹುಟ್ಟಿದ ವಂಶಾವಳಿಗಳು ಬಹುಮಟ್ಟಿಗೆ ನಂಬತಕ್ಕವು. ಏಕೆಂದರೆ ಒಬ್ಬನು ಸುಳ್ಳು ಬರೆಯಿಸಿದರೆ ಅವನ ದಾಯಾದಿಯು ಮರುದಿನವೇ ತಕರಾರು ಹೂಡುತ್ತಿದ್ದನು. ದಾಯಾದಿ ಮತ್ಸರದಿಂದ ಇತಿಹಾಸಕ್ಕಾದ ಉಪಕಾರವು ಇದೊಂದೇ ಇರಬಹುದು. ಆದರೆ ಇವುಗಳಲ್ಲಿ ಒಂದು ದೊಡ್ಡ ಕೊರತೆಯೂ ಉಂಟು. ವತನವಿಲ್ಲದವರಿಗೆ ವಂಶಾವಳಿಯಿಲ್ಲ. ವತನದ ಮನೆಯಲ್ಲಿಯೂ ಹಕ್ಕಿಲ್ಲದವರಿಗೆ ಅದರಲ್ಲಿ ಸ್ಥಳವಿಲ್ಲ. ಚಿಕ್ಕಂದಿನಲ್ಲಿ ಸತ್ತವರು, ಸನ್ಯಾಸಿಯಾಗಿ ಹೋದವರು, ಪರವೂರಿಗೆ ದತ್ತಕ ಹೋದವರು, ಇವರ ಮುಂದೆ ಒಂದು ಸೊನ್ನೆ. ಹೆಣ್ಣುಮಕ್ಕಳಿಗಂತೂ ಆ ಸೊನ್ನೆಯೂ ಇಲ್ಲ.

ವತನವಿಲ್ಲದ ಒಕ್ಕಲು ಮನೆತನಗಳ ನೆನಪನ್ನು ಕಾಯ್ದವರು ಹೆಳವರು. ನಮ್ಮ ಹಳ್ಳಿಗಳಲ್ಲಿ ಬೆಳೆದ ವಾಚಕರಿಗೆ ಇವರ ಪರಿಚಯವನ್ನು ಹೇಳಬೇಕಾಗಿಲ್ಲ; ಪಟ್ಟಣದಲ್ಲಿ ಹುಟ್ಟಿದ ಮಕ್ಕಳಿಗಾಗಿ ಎರಡು ಮಾತು ಬರೆಯುತ್ತೇನೆ. ಹೆಳವನೆಂದರೆ ಕಾಲಿಲ್ಲದವನೆಂದು ಶಬ್ದಾರ್ಥ. ಎತ್ತಿನ ಮೇಲೆ ಕುಳಿತು, ಕಾಲುಗಳನ್ನು ಕಂಬಳಿಯಿಂದ ಮುಚ್ಚಿಕೊಂಡು, ಮನೆಯಿಂದ ಮನೆಗೆ ಹೋಗಿ ಆ ಮನೆತನದ ಮೂಲಸ್ಥಳ, ಬೆಡಗು, ಹಿರಿಯರ ಹೆಸರುಗಳು, ಯುದ್ಧದಲ್ಲಿ ಮಡಿದ ವೀರರು, ಇವನ್ನೆಲ್ಲ ಹಾಡಿನ ಧಾಟಿಯಲ್ಲಿ ಹೇಳುವದು ಅವರ ವೃತ್ತಿಯು. ೧೯೦೯ರಲ್ಲಿ ಪ್ರಕಟವಾದ ಥರ್ಸ್ಟನ್ ಸಾಹೇಬರ ದಕ್ಷಿಣ ಹಿಂದುಸ್ತಾನದ ಜಾತಿಗಳ ಕುರಿತಾದ ಗ್ರಂಥದಲ್ಲಿ ಅವರನ್ನು ಗ್ರಾಮೇತಿಹಾಸದ ಪಾಲಕರೆಂದು ವರ್ಣಿಸಿದೆ. ಒಂದೊಂದು ಹೆಳವರ ಮನೆತನಕ್ಕೆ ಇಂತಿಂಥ ಊರುಗಳು, ಇಂತಿಂಥ ಒಕ್ಕಲುಗಳು ಎಂದು ಹಂಚಿಕೆಯಿರುವದು; ಒಬ್ಬರ ಒಕ್ಕಲಿಗೆ ಇನ್ನೊಬ್ಬರು ಹೋಗುವದಿಲ್ಲ. ಸುಗ್ಗಿಯಾದ ಮೇಲೆ ಬಂದು, ಹಿಂದಿನ ಸಲ ಬಂದಾಗಿನಿಂದ ಈಚೆಗೆ ಹುಟ್ಟಿದವರ ಹೆಸರುಗಳನ್ನು ಕೇಳಿ ತಮ್ಮ ಹೊತ್ತಿಗೆಯಲ್ಲಿ ಸೇರಿಸಿಕೊಂಡು, ಕಾಳು ಬಟ್ಟೆಗಳನ್ನೂ, ಅನುಕೂಲಸ್ಥರು ಕೊಟ್ಟರೆ ಕರುವನ್ನೂ ಪಡೆದು ಹೋಗುತ್ತಾರೆ. ಈಗ ಎತ್ತಿನ ಬದಲು ಮೋಟಾರು ಸೈಕಲ್ಲಿನ ಮೇಲೆ ಬರುವವರೂ ಉಂಟು.

ಹೆಳವರ ಮಾತನ್ನೆಲ್ಲ ಪ್ರಮಾಣವೆಂದು ಹಿಡಿಯಬಹುದೇ? ಹಿಡಿಯಲಾಗದು. ಮೂಲಕಥೆಯನ್ನು ಹೇಳುವಾಗ ಅವರೂ ಗುತ್ತರ ಶಾಸನಕವಿಯ ಬಂಧುಗಳೇ. ದಾನ ಕೊಡುವ ಯಜಮಾನನು ಸಂತೋಷಪಡಬೇಕಷ್ಟೆ. ಆದರೆ ಈಚಿನ ಐದಾರು ತಲೆಮಾರುಗಳಲ್ಲಿಯೂ, ಯಾವ ಊರಿನಿಂದ ಯಾವ ಊರಿಗೆ ಬಂದಿರೆಂಬ ವಿಷಯದಲ್ಲಿಯೂ ಅವರ ಮಾತಿಗೆ ಬೆಲೆ ಹೆಚ್ಚು. ಊರು ಬಿಟ್ಟು ಬಂದದ್ದನ್ನು ಹೇಳುವದರಿಂದ ಯಾರ ಕೀರ್ತಿಯೂ ಬೆಳೆಯುವದಿಲ್ಲ. ಆದುದರಿಂದ ಅಲ್ಲಿ ಸುಳ್ಳಿಗೆ ಪ್ರಯೋಜನವಿಲ್ಲ. ಸರಕಾರಿ ದಫ್ತರಿನಲ್ಲಿ ಹೆಸರಿಲ್ಲದ ಬಡ ಒಕ್ಕಲಿಗನಿಗೆ ತನ್ನ ಮುತ್ತಜ್ಜನ ಹೆಸರು ತಿಳಿದಿದ್ದರೆ ಅದು ಹೆಳವರಿಂದಲೇ. ಒಬ್ಬ ಹೆಳವನ ಮಗನು ವೃತ್ತಿಯನ್ನು ಬಿಟ್ಟು ಪೇಟೆಯ ಕೆಲಸಕ್ಕೆ ಹೋದನೆಂದರೆ ಹತ್ತಾರು ಹಳ್ಳಿಗಳ ಇತಿಹಾಸವು ಆ ಹೊತ್ತಿಗೆಯಲ್ಲಿಯೇ ಉಳಿಯುವದು. ಹಾಗೆಂದು ಆ ಮಗನನ್ನು ಆಕ್ಷೇಪಿಸುವದು ನ್ಯಾಯವಲ್ಲ. ಒಂದು ಸೇರು ಜೋಳ ಕೊಟ್ಟು ಏಳು ತಲೆಮಾರು ಕೇಳುವ ನಾವೇ ಅದನ್ನು ಯೋಚಿಸಬೇಕು.

ಅಡ್ಡಹೆಸರುಗಳೂ ವಂಶಸಂಶೋಧಕನಿಗೆ ಒಳ್ಳೆಯ ಸಾಧನವು. ೧೯೪೩ನೆಯ ಏಪ್ರಿಲ್ ೧ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದ ಮೂವರು ದೇಶಭಕ್ತರ ಹೆಸರುಗಳನ್ನು ಈ ಜಿಲ್ಲೆಯ ಪ್ರತಿಯೊಬ್ಬನೂ ಬಲ್ಲನು: ಮೋಟೆಬೆನ್ನೂರಿನ ಮೈಲಾರ ಮಹಾದೇವ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಮೊದಲನೆಯದು ಕ್ಷೇತ್ರದ ಅಥವಾ ದೈವದ ಹೆಸರು, ಎರಡನೆಯದು ಕಾಯಕದ್ದು, ಮೂರನೆಯದು ಮಠದ್ದು. ನಮ್ಮ ಅಡ್ಡಹೆಸರುಗಳ ಮುಖ್ಯ ಜಾತಿಗಳೆಲ್ಲ ಆ ಒಂದು ಬಲಿದಾನದಲ್ಲಿ ಒಟ್ಟುಗೂಡಿದಂತಿದೆ. ಇನ್ನು ಊರಿನ ಹೆಸರನ್ನೇ ಅಡ್ಡಹೆಸರಾಗಿ ಉಳ್ಳವರು ಬಹು ಜನರು. ಇಲ್ಲಿ ಒಂದು ಸೂಕ್ಷ್ಮವಿದೆ. ಅಗಡಿಯಲ್ಲಿಯೇ ಇರುವವನನ್ನು ಅಗಡಿಯವನೆಂದು ಯಾರೂ ಕರೆಯರು. ಅಗಡಿಯನ್ನು ಬಿಟ್ಟು ಬ್ಯಾಡಗಿಗೆ ಹೋದವನೇ ಅಲ್ಲಿ ಅಗಡಿಯವನಾಗುವನು. ಊರ ಹೆಸರಿನ ಅಡ್ಡಹೆಸರೆಂದರೆ ಆ ಮನೆತನವು ಒಂದು ಕಾಲಕ್ಕೆ ಆ ಊರನ್ನು ಬಿಟ್ಟಿತೆಂಬದಕ್ಕೆ ಸಾಕ್ಷಿಯು. ಗಳಗನಾಥದ ಕುಲಕರ್ಣಿ ಮನೆತನದ ವೆಂಕಟೇಶ ತಿರಕೋ ಅವರು ಕಾದಂಬರಿಗಳನ್ನು ಬರೆದು ನಾಡಿಗೆಲ್ಲ ಗಳಗನಾಥರೇ ಆದದ್ದೂ, ಊರ ಹೊರಗಿನ ಜಗತ್ತಿಗೆ ಹೋದುದರಿಂದಲೇ ಅಲ್ಲವೇ?

ಏಕೆ ಬಿಟ್ಟರು ಎಂಬದಕ್ಕೆ ಉತ್ತರವು ಸಂವತ್ಸರಗಳಲ್ಲಿದೆ. ಹಿರಿಯರು ಇಸವಿಯನ್ನು ಹೇಳುವದಿಲ್ಲ. ಧಾತುವಿನ ಬರ, ಪ್ಲೇಗಿನ ವರುಷ ಎನ್ನುತ್ತಾರೆ. ಧಾತು ಸಂವತ್ಸರವೆಂದರೆ ೧೮೭೬-೭೭. ಅದೇ ದಕ್ಷಿಣಾಪಥವನ್ನು ಹಾಳುಮಾಡಿದ ಮಹಾಕ್ಷಾಮದ ಆರಂಭವು. ಇನ್‌ಫ್ಲುಯೆಂಜಾ ಜ್ವರವು ಮನೆಗಳನ್ನು ಬರಿದುಮಾಡಿದ ೧೯೧೮ನೆಯ ಇಸವಿಯು ಕಾಳಯುಕ್ತಿ. ಆದರೆ ಸಂವತ್ಸರಗಳು ಅರುವತ್ತು ವರುಷಕ್ಕೊಮ್ಮೆ ಮರಳುತ್ತವೆಂಬದನ್ನು ಮರೆಯಲಾಗದು. ಧಾತುವಿನಲ್ಲಿ ಹುಟ್ಟಿದನೆಂದರೆ ೧೮೭೬ಕ್ಕೋ ೧೯೩೬ಕ್ಕೋ ಎಂಬದನ್ನು ಬೇರೊಂದು ಸಂಗತಿಯಿಂದ ನಿಶ್ಚಯಿಸಬೇಕು. ಮೊಮ್ಮಗನಿಗೆ ಅಜ್ಜನ ಹೆಸರಿಡುವ ನಮ್ಮ ಪದ್ಧತಿಯು ಈ ತೊಡಕನ್ನು ಇಮ್ಮಡಿಸುತ್ತದೆ. ಬಸಪ್ಪ ವೀರಪ್ಪ, ವೀರಪ್ಪ ಬಸಪ್ಪ, ಮತ್ತೆ ಬಸಪ್ಪ ವೀರಪ್ಪ! ಎರಡು ಕಾಗದಗಳಲ್ಲಿಯ ಬಸಪ್ಪನು ಒಬ್ಬನೆಂದು ಬಗೆದವರು ಅಜ್ಜನ ಸಾಲವನ್ನು ಮೊಮ್ಮಗನ ತಲೆಗೆ ಕಟ್ಟುವರು.

ಹಳೆಯ ಕಾಗದಗಳನ್ನು ಹುಡುಕುವವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಹಾವೇರಿ ಜಿಲ್ಲೆಯು ಧಾರವಾಡದಿಂದ ಬೇರ್ಪಟ್ಟು ಹುಟ್ಟಿದ್ದು ೧೯೯೭ರಲ್ಲಿ. ಇಂಗ್ಲಿಷರ ಕಾಲದ ದಫ್ತರುಗಳಲ್ಲಿ ಹಾವೇರಿಯು ತಾಲೂಕಿನ ಹೆಸರಲ್ಲ. ಹಾವೇರಿಯು ಮುಖ್ಯಸ್ಥಳವಾಗಿದ್ದ ತಾಲೂಕಿಗೆ ಕರಜಗಿ ತಾಲೂಕೆಂದು ಹೆಸರು. ಹಿರೇಕೆರೂರಿನ ಕಡೆಯದು ಕೋಡ ತಾಲೂಕು. ಇದನ್ನರಿಯದೆ ಹಾವೇರಿಯ ಹೆಸರಿನಲ್ಲಿ ಹುಡುಕಿ ಬರಿಗೈಯಿಂದ ಮರಳಿದವರು ಹಲವರು. ಕಾಗದವು ಸಿಕ್ಕರೂ ಅದು ಮೋಡಿ ಲಿಪಿಯಲ್ಲಿದ್ದರೆ ಓದುವವರು ಜಿಲ್ಲೆಗೆ ಬೆರಳೆಣಿಕೆಯಷ್ಟು. ಬಳಪದಿಂದ ಬರೆದ ಕಪ್ಪು ಕಡತಗಳು ಇನ್ನೂ ಬೇಗ ಅಳಿಯುವವು. ತೇವದ ಕೈ ತಗಲಿದರೆ ಸಾಕು.

ಇನ್ನು ಹೆಣ್ಣುಮಕ್ಕಳ ವಿಷಯ. ನಮ್ಮ ತಂದೆಯವರ ಪೆಟ್ಟಿಗೆಯಲ್ಲಿ ವತನದ ಕಾಲದ ಒಂದು ವಂಶಾವಳಿಯಿದೆ. ಏಳು ತಲೆಮಾರುಗಳ ಹೆಸರುಗಳು ಸುಂದರವಾದ ಮೋಡಿಯಲ್ಲಿ ಬರೆಯಲ್ಪಟ್ಟಿವೆ. ಒಂದೂ ಹೆಣ್ಣಿನ ಹೆಸರಿಲ್ಲ. ನನ್ನ ಅಜ್ಜನಿಗೆ ಒಬ್ಬ ಅಕ್ಕನಿದ್ದಳು. ಬಾಲ್ಯದಲ್ಲಿಯೇ ವಿಧವೆಯಾಗಿ ತವರಿಗೆ ಮರಳಿದವಳು, ಎಂಬತ್ತು ವರುಷ ಬಾಳಿದಳು. ಮನೆಯ ಮೂರು ತಲೆಮಾರಿನ ಕೂಸುಗಳಿಗೆ ಎರೆದವಳು ಅವಳೇ. ಯಾವ ಹೊಲದ ಬದುವಿನಲ್ಲಿ ಯಾವ ಮರವಿತ್ತೆಂಬದನ್ನು ವಕೀಲರಿಗೆ ಹೇಳಿಕೊಟ್ಟವಳೂ ಅವಳೇ. ಅವಳನ್ನು ಎಲ್ಲರೂ ದೊಡ್ಡಮ್ಮನೆಂದು ಕರೆಯುತ್ತಿದ್ದುದರಿಂದ ಅವಳ ನಿಜವಾದ ಹೆಸರು ನಮಗಾರಿಗೂ ತಿಳಿದಿರಲಿಲ್ಲ. ಯಾವ ಸರಕಾರದ ಕಾಗದದಲ್ಲಿಯೂ ಅದು ಸಿಕ್ಕಲಿಲ್ಲ. ಕಡೆಗೆ ಸಿಕ್ಕದ್ದು ತಂದೆಯವರು ಪಂಚಾಂಗದಲ್ಲಿ ಮಡಿಚಿಟ್ಟ ಮಹಾಲಯದ ಪಟ್ಟಿಯಲ್ಲಿ.

ಇದಕ್ಕೆ ಕಾರಣವು ಶಾಸ್ತ್ರದಲ್ಲಿದೆ. ಶ್ರಾದ್ಧದಲ್ಲಿ ಪಿತೃ ಪಿತಾಮಹ ಪ್ರಪಿತಾಮಹರೊಡನೆ ಮಾತೃ ಪಿತಾಮಹೀ ಪ್ರಪಿತಾಮಹಿಯರ ಹೆಸರುಗಳನ್ನೂ, ಸಪತ್ನೀಕರಾದ ಮಾತಾಮಹರ ಹೆಸರುಗಳನ್ನೂ ಉಚ್ಚರಿಸಬೇಕು. ಭಾದ್ರಪದ ಕೃಷ್ಣಪಕ್ಷದ ಮಹಾಲಯದಲ್ಲಿಯಾದರೋ ಈ ವೃತ್ತವು ಇನ್ನೂ ವಿಸ್ತಾರವಾಗುವದು. ಪಿತೃವ್ಯ, ಮಾತುಲ, ಭ್ರಾತೃ, ಭಗಿನೀ, ಪಿತೃಷ್ವಸೃ, ಮಾತೃಷ್ವಸೃ, ಶ್ವಶುರ, ಗುರು, ಶಿಷ್ಯ, ಸಖ, ಇವರಿಗೆಲ್ಲ ಹೆಸರು ಗೋತ್ರ ಹಿಡಿದು ತಿಲೋದಕವನ್ನು ಕೊಡುವದುಂಟು. ನನ್ನ ತಂದೆಗೆ ಆ ದೊಡ್ಡಮ್ಮನು ಪಿತೃಷ್ವಸೆಯು, ಅರ್ಥಾತ್ ಸೋದರತ್ತೆಯು. ಅವಳಿಗೆ ಮಕ್ಕಳಿರಲಿಲ್ಲವಾದ್ದರಿಂದ ವರುಷಕ್ಕೊಮ್ಮೆ ಅವಳ ಹೆಸರನ್ನು ಹೇಳುವವರು ಅವರೊಬ್ಬರೇ ಆಗಿದ್ದರು. ಅವಳ ಗಂಡನ ಮನೆಯ ಗೋತ್ರವೂ ಅದರಲ್ಲಿತ್ತು. ಹಕ್ಕನ್ನು ಕೇಳಿದ ಕಾಗದವು ಅವಳನ್ನು ಬಿಟ್ಟಿತು. ಋಣವನ್ನು ನೆನೆದ ಕಾಗದವು ಇಟ್ಟುಕೊಂಡಿತು. ಎಲ್ಲ ಜಾತಿಗಳಲ್ಲಿಯೂ ಈ ವಿಧಿಯಿಲ್ಲವೆಂಬದು ನಿಜವೇ. ಆದರೆ ಹಿರಿಯರ ಹಬ್ಬದಲ್ಲಿ ಎಡೆಯಿಟ್ಟು, ಯಾರ ಯಾರ ಹೆಸರಿನಲ್ಲಿ ಇಟ್ಟೆವೆಂದು ಹೇಳುವ ವಾಡಿಕೆಯು ನಮ್ಮ ಒಕ್ಕಲು ಮನೆಗಳಲ್ಲಿಯೂ ಉಂಟು. ಅಲ್ಲಿ ಆ ಹೆಸರುಗಳನ್ನು ಬಲ್ಲವರು ಮನೆಯ ಮುದುಕಿಯರು. (ಕುಲದ ಅಭಿಮಾನವನ್ನು ಕಟುವಾಗಿ ಖಂಡಿಸಿದ ಕನಕದಾಸರ ಕಾಗಿನೆಲೆಯೂ ನಮ್ಮ ಬ್ಯಾಡಗಿ ತಾಲೂಕಿನದೇ ಆಗಿರುವಾಗ, ಹಿರಿಯರನ್ನು ನೆನೆಯುವದು ಬೇರೆ, ಕುಲವನ್ನು ಮೆರೆಸುವದು ಬೇರೆ ಎಂಬದನ್ನು ನಾವಾದರೂ ಅರಿತಿರಬೇಕು.)

ಈಗ ಕಾಲವು ತಿರುಗಿದೆ. ಕುಲಕರ್ಣಿ ವತನಗಳು ಮುಂಬಯಿ ಸರಕಾರದ ೧೯೫೦ರ ಕಾಯಿದೆಯಿಂದಲೂ, ಉಳಿದ ಗ್ರಾಮಾಧಿಕಾರಗಳು ಮೈಸೂರು ರಾಜ್ಯದ ೧೯೬೧ರ ಕಾಯಿದೆಯಿಂದಲೂ ರದ್ದಾದವು; ವತನದ ವಂಶಾವಳಿಗಳು ಇಲಿಗಳ ಪಾಲಾದವು. ೧೯೯೪ರಲ್ಲಿ ಕರ್ನಾಟಕದ ತಿದ್ದುಪಡಿಯು ಅವಿವಾಹಿತರಾದ ಹೆಣ್ಣುಮಕ್ಕಳಿಗೂ, ೨೦೦೫ರಲ್ಲಿ ಕೇಂದ್ರದ ತಿದ್ದುಪಡಿಯು ಎಲ್ಲ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಂತೆಯೇ ಪಾಲನ್ನು ಕೊಟ್ಟವು. ಅಂದಿನಿಂದ ವಾರಸಾ ಮಾಡಿಸಲು ನಾಡಕಚೇರಿಗೆ ಕೊಡುವ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರುಗಳನ್ನು ಬಿಡುವಂತಿಲ್ಲ. ಎಷ್ಟೋ ಮನೆಗಳಲ್ಲಿ ಆ ಹೆಸರನ್ನು ಮೊದಲ ಸಲ ಬರೆಯುವದೂ, ಹಕ್ಕು ಬಿಡುಗಡೆಯ ಪತ್ರಕ್ಕೆ ಅವಳಿಂದ ಸಹಿ ಮಾಡಿಸಿಕೊಳ್ಳುವದೂ ಒಂದೇ ವಾರದಲ್ಲಿ ನಡೆಯುವದನ್ನು ನೋಡಿದ್ದೇನೆ. ಸಾವಿರಾರು ವರುಷಗಳ ಮೇಲೆ ವೃಕ್ಷಕ್ಕೆ ಹೊಸ ಕೊಂಬೆಯು ಮೂಡಿತು, ಕತ್ತರಿಯೂ ಜೊತೆಗೇ ಬಂದಿತು.

ಆದುದರಿಂದ ಈ ಮಾಸಪತ್ರಿಕೆಯ ವಾಚಕರಲ್ಲಿ ನನ್ನದೊಂದು ಬಿನ್ನಹ. ತಮ್ಮ ಮನೆಯಲ್ಲಿ ಮಹಾಲಯದ ಪಟ್ಟಿಯಾಗಲಿ, ಹೆಳವರಿಂದ ಬರೆದುಕೊಂಡ ಚೀಟಿಯಾಗಲಿ ಇದ್ದರೆ ಅದರ ಒಂದು ಪ್ರತಿಯನ್ನು ಸಂಘದ ಕಾರ್ಯಾಲಯಕ್ಕೆ ಕಳುಹಿಸುವ ಕೃಪೆಮಾಡಬೇಕು. ಇಲ್ಲದವರು ಮನೆಯ ಹಿರಿಯ ಹೆಣ್ಣುಮಗಳ ಬಳಿ ಒಂದು ಸಂಜೆ ಕುಳಿತು, ಅವಳ ತಾಯಿಯ ಹೆಸರು, ತಾಯಿಯ ತವರೂರು, ಅತ್ತೆಯ ಹೆಸರು, ಅತ್ತೆಯ ತವರೂರು, ಇಷ್ಟನ್ನು ಕೇಳಿ ಬರೆದುಕೊಳ್ಳಲಿ. ನಮ್ಮ ಮನೆಯಲ್ಲಿ ಹೀಗೆ ಬರೆದುಕೊಂಡಾಗ ರಾಣೇಬೆನ್ನೂರು, ಹರಿಹರ, ಹಾನಗಲ್ಲು, ಸವಣೂರುಗಳ ಸುತ್ತಿನ ಹನ್ನೊಂದು ಹಳ್ಳಿಗಳ ಹೆಸರು ಬಂದವು. ಮೋಡಿಯ ವಂಶಾವಳಿಯಲ್ಲಿದ್ದುದು ಒಂದೇ ಊರು.